ಓವೀಡನ ಚಳಿಗೆ ಬಗ್ಗದ ದಾಸವಾಳ

ನಮ್ಮೂರಿಗೆ ಚಳಿ ಎಂಬುದು ವರ್ಷಕ್ಕೆ ಎರಡು ಮೂರು ರಾತ್ರಿ ತಂಗಿ ಹೋಗುವ ನೆಂಟ. ಹೇಳದೆ ಬರುತ್ತದೆ, ಬಂದಾಗ ಹೇಗೆ ಉಪಚರಿಸಬೇಕೋ ಯಾರಿಗೂ ತೋಚುವುದಿಲ್ಲ. ಉಳಿದ ದಿನಗಳಲ್ಲಿ ಬಾಯು ಎಂಬ ನಮ್ಮ ತೊರೆಯ ನೀರು ಹರಿಯಲೋ ಬೇಡವೋ ಎಂದು ನಿಂತಿರುವಂತೆ ಗಾಳಿಯೂ ಬೆಚ್ಚಗೆ ನಿಂತಿರುತ್ತದೆ. ಅಂಥ ನೆಲದಲ್ಲಿ ದಾಸವಾಳ ಬೆಳೆಸುವುದು ಬಹಳ ಸುಲಭ. ಆ ಎರಡು ಮೂರು ರಾತ್ರಿಗಳಲ್ಲಿ ಅದನ್ನು ಬದುಕಿಸಿಕೊಳ್ಳುವುದು ಮಾತ್ರ ಕಷ್ಟ.

ಇಂದು ರಾತ್ರಿ ನೀರು ಹೆಪ್ಪುಗಟ್ಟುತ್ತದೆ ಎಂದು ರೇಡಿಯೋದವನು ಹೇಳಿ ಬಾಯಿ ಮುಚ್ಚುವುದರೊಳಗೆ ಊರಿನ ಹೆಂಗಸರೆಲ್ಲ ಹಾಸಿಗೆಯ ಮೇಲಿನ ದುಪ್ಪಟಿ, ಕೌದಿಗಳನ್ನು ಕಿತ್ತುಕೊಂಡು ಅಂಗಳಕ್ಕೆ ಓಡುತ್ತಾರೆ. ದಾಸವಾಳಕ್ಕೆ ಹೊದಿಸಬೇಕಲ್ಲ. ಆ ರಾತ್ರಿ ಗಂಡಂದಿರು ಕೋಟು ಹೊದ್ದು ಮುದುರಿ ಮಲಗುತ್ತಾರೆ, ಗಿಡಗಳು ಬೆಚ್ಚಗೆ ನಿದ್ರಿಸುತ್ತವೆ. ಬೆಳಗ್ಗೆ ನೋಡಿದರೆ ಯಾರ ಮನೆಯ ದುಪ್ಪಟಿ ತೇಪೆಯದು, ಯಾರದು ಇಸ್ತ್ರಿ ಕಂಡದ್ದು ಎಂಬುದೆಲ್ಲ ಬೀದಿಯುದ್ದಕ್ಕೂ ಬಯಲಾಗಿರುತ್ತದೆ. ಎದುರುಮನೆಯ ಮಿಸ್ ಕ್ಲೋಟೀಲ್ ಗಿಡಗಳಿಗೆಂದೇ ಕಸೂತಿ ಅಂಚಿನ ದುಪ್ಪಟಿ ಇಟ್ಟಿದ್ದಾಳೆ. ಅವು ಅವಳ ಹಾಸಿಗೆಯನ್ನು ಎಂದೂ ಕಂಡವಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ, ಇಂಥ ವಿಷಯಗಳಲ್ಲಿ ಅವಳ ಮಾತು ತಪ್ಪಿದ್ದಿಲ್ಲ.

ನನ್ನ ಪಕ್ಕದ ಮನೆಯವನು ಓವೀಡ್ ನಾಕಾನ್. ಸಿಗಡಿ ಹಿಡಿಯುವ ದೋಣಿಗಳಲ್ಲಿ ಜೀವಮಾನವೆಲ್ಲ ಇಂಜಿನ್ ನೋಡಿಕೊಂಡು, ಈಗ ಕೆಲಸ ಬಿಟ್ಟು ಮನೆಯಲ್ಲಿ ಕುಳಿತವನು. ಕೈ ಸುಮ್ಮನಿರದ ಒಳ್ಳೆಯ ಮನುಷ್ಯ. ಒಳ್ಳೆಯತನ ಮತ್ತು ಸುಮ್ಮನಿರದ ಕೈ ಎರಡೂ ಒಬ್ಬನಲ್ಲೇ ಸೇರಿದರೆ ಮನೆಯವರು ಎಚ್ಚರವಾಗಿರಬೇಕಾಗುತ್ತದೆ. ಅವನ ಹೆಂಡತಿ ಎಲ್ಡಾ ಎಚ್ಚರವಾಗಿಯೇ ಇದ್ದಳು.

ಅವರ ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಕೆಂಪು ದಾಸವಾಳವಿತ್ತು. ಎಲ್ಡಾಳ ತಾಯಿ ಮದುವೆಗೆ ಕೊಟ್ಟದ್ದೆಂದು ಊರಿಗೆಲ್ಲ ಗೊತ್ತು. ಹಿಂದಿನ ಜನವರಿಯಲ್ಲಿ ಆ ಗಿಡಕ್ಕೆ ಕೌದಿ ಹೊದಿಸಲು ಹೋಗಿ ಎಲ್ಡಾ ಒದ್ದೆ ಮೆಟ್ಟಿಲಿನ ಮೇಲೆ ಜಾರಿ ಬಿದ್ದಳು. ಸೊಂಟ ಮುರಿಯಲಿಲ್ಲ, ಆದರೆ ಬಹಳ ಕಾಲ ಕೋಲು ಹಿಡಿದೇ ನಡೆದಳು. ಬಿದ್ದಾಗ ಓವೀಡ್ ಬಾಗಿಲು ಹಿಡಿದುಕೊಂಡು ನಿಂತಿದ್ದನಂತೆ. ಅಂದಿನಿಂದ ಅವನು ಆ ಗಿಡವನ್ನು ನೋಡುವ ನೋಟವೇ ಬೇರೆಯಾಯಿತು.

ಅಕ್ಟೋಬರಿನಲ್ಲಿ ಮೊಬೀಲ್ ಊರಿನಲ್ಲಿರುವ ಮಗಳಿಗೆ ಅವಳಿ ಮಕ್ಕಳಾದವು. ಎಲ್ಡಾ ಬಾಣಂತನಕ್ಕೆ ಹೊರಟಳು. ಈಸ್ಟರ್ ಹಬ್ಬಕ್ಕೆ ಮರಳುವುದೆಂದು ನಿಶ್ಚಯವಾಯಿತು. ಪೆಟ್ಟಿಗೆಯನ್ನು ನನ್ನ ಗಾಡಿಗೆ ಹತ್ತಿಸುವಾಗ ಅವಳು ಗಂಡನನ್ನು ಕರೆದು ನಿಲ್ಲಿಸಿ ಹೇಳಿದ ಮಾತಿಗೆ ನಾನೇ ಸಾಕ್ಷಿ.

"ಓವೀಡ್, ಕಿವಿ ಕೊಟ್ಟು ಕೇಳಿಸ್ಕೋ. ಚಳಿ ಬಂದ್ರೆ ಅಮ್ಮನ ದಾಸವಾಳಕ್ಕೆ ಕೌದಿ ಹೊದಿಸು. ಅಷ್ಟೇ. ಕತ್ತರಿಸ್ಬೇಡ, ಗೊಬ್ಬರ ಸುರೀಬೇಡ, ರಿಪೇರಿ ಮಾಡೋಕಂತೂ ಹೋಗ್ಲೇಬೇಡ. ಅದು ಇಂಜಿನ್ ಅಲ್ಲ."

"ನಾನು ಯಾವತ್ತು ಸುಮ್ಮಸುಮ್ಮನೆ ರಿಪೇರಿ ಮಾಡಿದೀನಿ?"

"ವಾಷಿಂಗ್ ಮೆಷಿನ್ ಎಲ್ಲಿದೆ ಈಗ?"

ವಾಷಿಂಗ್ ಮೆಷಿನ್ ಶೆಡ್ಡಿನಲ್ಲಿತ್ತು, ಮೂರು ಡಬ್ಬಗಳಲ್ಲಿ. ಓವೀಡ್ ಮಾತು ಬದಲಿಸಿ ಮೊಮ್ಮಕ್ಕಳಿಗೆ ಮುತ್ತು ಕೊಡಲು ಹೇಳಿ ಕಳಿಸಿದ.

ಎಲ್ಡಾ ಹೋದ ವಾರವೇ ಅವನು ನನ್ನ ಬಾಗಿಲಿಗೆ ಬಂದ.

"ಗುಸ್ತಾವ್, ಒಂದು ಯೋಚನೆ ಬಂದಿದೆ."

ಅವನಿಗೆ ಯೋಚನೆ ಬಂದಾಗಲೆಲ್ಲ ನನ್ನ ಗಾಡಿ ಬೇಕಾಗುತ್ತದೆ. ಅವನ ಟ್ರಕ್ಕು ರಿಪೇರಿಯಲ್ಲಿರುತ್ತದೆ, ಅಂದರೆ ಅವನೇ ರಿಪೇರಿ ಮಾಡುತ್ತಿರುತ್ತಾನೆ. ಪೇಟೆಯ ನರ್ಸರಿಗೆ ಹೋದೆವು.

ಅಲ್ಲಿ ದಾಸವಾಳಗಳು ಎರಡು ಸಾಲಾಗಿ ನಿಂತಿದ್ದವು. ಒಂದು ಸಾಲಿನದು ನಮಗೆಲ್ಲ ಪರಿಚಯದ್ದು, ಎಣ್ಣೆ ಸವರಿದಂತೆ ಹೊಳೆಯುವ ಎಲೆ, ಕೈತುಂಬ ಹೂ. ಇನ್ನೊಂದು ಸಾಲಿನ ಗಿಡಗಳಿಗೆ ಮಂಕು ಹಸಿರಿನ ಅಗಲ ಎಲೆ, ಒರಟು ದಂಟು. ಆದರೆ ಒಂದು ಗಿಡದಲ್ಲಿ ಕಾಲ ಮೀರಿ ಅರಳಿದ ಕೆಂಪು ಹೂವೊಂದಿತ್ತು. ಊಟದ ತಟ್ಟೆಯಷ್ಟು ದೊಡ್ಡದು.

ಮಾರುವ ಹುಡುಗಿ ವಿವರಿಸಿದಳು: "ಇವು ನಮ್ಮ ಬಿಸಿನಾಡಿನವು ಸರ್, ಚಳಿ ತಾಗಿದ್ರೆ ಹೋದ್ವು ಅಂತಾನೇ. ಅವು ಚಳಿ ತಡೆಯೋ ಜಾತಿ. ಮಿಚಿಗನ್ ಕಡೆ ಹಿಮದಡೀಲೂ ಬದುಕುತ್ವೆ."

"ಹಿಮದಡೀಲಿ?"

"ಮೊಣಕಾಲುದ್ದ ಹಿಮದಡೀಲಿ."

ಹೊಸ ನೆಲ ಕಂಡ ನಾವಿಕನ ಮುಖ ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು. "ಗುಸ್ತಾವ್, ಮೊಣಕಾಲುದ್ದ ಹಿಮ ತಡ್ಕೊಳ್ಳೋದಕ್ಕೆ ನಮ್ಮೂರ ಚಳಿ ಯಾವ ಲೆಕ್ಕ? ಬೀಸಣಿಗೆ ಗಾಳಿ! ಇದೊಂದು ನೆಟ್ಟುಬಿಟ್ರೆ ಕೌದಿ ಬೇಡ, ಮೆಟ್ಟಿಲು ಬೇಡ, ಎಲ್ಡಾ ಕಿಟಕಿ ಒಳಗೆ ಕಾಫಿ ಕುಡೀತಾ ಕೂತಿರ್ಬಹುದು."

"ಆ ಹುಡುಗಿ ಇನ್ನೂ ಏನೋ ಹೇಳ್ತಿದಾಳೆ ನೋಡು," ಎಂದೆ.

"ತಡೆಯುತ್ತೆ ಸರ್, ಆದರೆ..." ಎಂದಳು ಹುಡುಗಿ.

ಅಷ್ಟರಲ್ಲಿ ಓವೀಡ್ ಕುಂಡವನ್ನು ಮಗುವಿನಂತೆ ಎದೆಗವಚಿಕೊಂಡು ಗಲ್ಲಾ ತಲುಪಿದ್ದ. ಲೋಕದಲ್ಲಿ ಮನುಷ್ಯರು ಕೆಡುವುದು 'ಆದರೆ' ಎಂಬ ಮಾತಿನ ಮುಂದಿನದನ್ನು ಕೇಳಲು ನಿಲ್ಲದೆ ಇರುವುದರಿಂದ ಎಂಬುದು ನನ್ನ ಅನುಭವ.

ಕಿಟಕಿಯ ಕೆಳಗೆ ಇದ್ದ ಜಾಗ ಒಂದೇ. ಹಳೆಯ ಗಿಡವನ್ನು ಕಿತ್ತು ಶೆಡ್ಡಿನ ಪಕ್ಕ ತೊಟ್ಟಿಯಲ್ಲಿ ನೆಡುವುದು, ಅಲ್ಲಿ ತಗಡಿನ ಮರೆಯಲ್ಲಿ ಅದು ಬೆಚ್ಚಗಿರುತ್ತದೆ ಎಂಬುದು ಅವನ ಯೋಜನೆ. ಇಂಜಿನ್ ಬಿಚ್ಚುವವನು ಬೋಲ್ಟು ಹೇಗೆ ಕೀಳುತ್ತಾನೋ ಹಾಗೆ ಬೇರುಗಳನ್ನು ಕಿತ್ತ. ತೊಟ್ಟಿಗೆ ಹೋದ ಗಿಡ ಮೊದಲು ತಲೆ ಬಾಗಿಸಿತು, ಆಮೇಲೆ ಎಲೆ ಉದುರಿಸಿತು, ನವೆಂಬರಿನ ಸಕಲ ಸಂತರ ಹಬ್ಬ ಕಳೆಯುವುದರೊಳಗೆ ತೀರಿಕೊಂಡಿತು. ಅತ್ತೆ ಕೊಟ್ಟ ಗಿಡ, ಹೆಂಡತಿಯ ಒಂದೇ ಮಾತು, ಎರಡೂ ಒಟ್ಟಿಗೆ ಹೋಗಿದ್ದವು. ಇನ್ನು ಅವನಿಗೆ ಉಳಿದಿದ್ದ ದಾರಿ ಒಂದೇ. ಈಸ್ಟರ್ ದಿನ ಎಲ್ಡಾ ಬಂದು ನೋಡಿದಾಗ ಆ ಕಿಟಕಿಯ ಕೆಳಗೆ ಕೆಂಪಾಗಿ, ಜೀವಂತವಾಗಿ, ಬಾಯಿ ಮುಚ್ಚಿಸುವ ಹಾಗೆ ಒಂದು ದಾಸವಾಳ ನಿಂತಿರಬೇಕು.

ಹೊಸ ಗಿಡವನ್ನು ಮೊದಲು ಕಂಡವಳು ಮಿಸ್ ಕ್ಲೋಟೀಲ್. ಬೇಲಿಯ ಮೇಲಿನಿಂದ ಕೂಗಿದಳು: "ಓವೀಡ್, ಅಡುಗೆಮನೆ ಮುಂದೆ ಬೆಂಡೆಕಾಯಿ ಯಾಕಯ್ಯಾ ಹಾಕಿದ್ದು? ಕಿಟಕಿಯಿಂದಾನೇ ಕೈ ಚಾಚಿ ಗಂಬೋ ಸಾರಿಗೆ ಹಾಕೋಕಾ?"

"ಬೆಂಡೆಕಾಯಿ ಅಲ್ಲ ಮಿಸ್ ಕ್ಲೋಟೀಲ್, ಚಳಿಗೆ ಬಗ್ಗದ ದಾಸವಾಳ. ಮಿಚಿಗನ್‌ದು."

"ಮಿಚಿಗನ್ನೋರಿಗೆ ಗಂಬೋ ಮಾಡೋಕೇ ಬರಲ್ಲ, ದಾಸವಾಳ ಬರುತ್ತಾ?"

ಈ ಮಾತು ಅವನನ್ನು ಚುಚ್ಚಿತು. ಭಾನುವಾರ ಬಲಿಪೂಜೆಯಾದ ಮೇಲೆ ಇಗರ್ಜಿಯ ಸಭಾಂಗಣದಲ್ಲಿ ಕಾಫಿ ಕುಡಿಯುವಾಗ ಅವನು ಎಲ್ಲರಿಗೂ ಕೇಳುವಂತೆ ಉಪನ್ಯಾಸ ಕೊಟ್ಟ. ನಮ್ಮೂರಿನವರು ತಲೆತಲಾಂತರದಿಂದ ಗಿಡಗಳನ್ನು ಮುದ್ದು ಮಾಡಿ ಕೆಡಿಸಿದ್ದಾರೆ. ದುಪ್ಪಟಿ ಹೊದ್ದು ಮಲಗುವ ಗಿಡಕ್ಕೆ ಬೆನ್ನೆಲುಬು ಎಲ್ಲಿಂದ ಬರಬೇಕು. ಇನ್ನು ಮುಂದೆ ತನ್ನ ಮನೆಯ ದುಪ್ಪಟಿಗಳು ಹಾಸಿಗೆಯ ಮೇಲೆಯೇ ಇರುತ್ತವೆ. ಗಂಡಸರು ಕೆಲವರು ಆಸೆಯಿಂದ ಕೇಳಿದರು. ಅವರ ಹೆಂಡತಿಯರು ಅವರನ್ನು ಎಳೆದುಕೊಂಡು ಹೋದರು.

ಜನವರಿಯಲ್ಲಿ ಚಳಿ ಬಂತು. ಸಂಜೆ ಊರೆಲ್ಲ ದುಪ್ಪಟಿ ಹಿಡಿದು ಓಡಾಡುತ್ತಿರುವಾಗ ಓವೀಡ್ ಕಾಫಿ ಬಟ್ಟಲು ಹಿಡಿದು ಬೀದಿಯಲ್ಲಿ ತಿರುಗಾಡಿದ. ಹೊಸ ಗಿಡದ ಎಲೆಗಳು ಆಗಲೇ ಹಳದಿಯಾಗಿ ಉದುರತೊಡಗಿದ್ದವು. ಅದು ಹುರುಪಿನ ಲಕ್ಷಣ, ಕುಸ್ತಿಗೆ ಇಳಿಯುವವನು ಅಂಗಿ ಬಿಚ್ಚುವುದಿಲ್ಲವೇ ಎಂದು ಅವನು ನನಗೆ ತಿಳಿಹೇಳಿದ.

ಬೆಳಗ್ಗೆ ಊರಿನವರು ದುಪ್ಪಟಿ ತೆಗೆದರು. ಅವರ ಗಿಡಗಳು ಸ್ವಲ್ಪ ಬಾಡಿದ್ದರೂ ಹಸಿರಾಗಿದ್ದವು. ಓವೀಡನ ಕಿಟಕಿಯ ಕೆಳಗೆ ನಾಲ್ಕಾರು ಕಂದು ಕಡ್ಡಿಗಳು ನಿಂತಿದ್ದವು.

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಅಂದೇ ಆ ಮನೆಗೆ ನೆರೆಯವರು ಅಡುಗೆ ಒಯ್ಯುವುದು ವಾಡಿಕೆ. ನನ್ನ ಹೆಂಡತಿ ಹೋದಾಗ ಬಂದ ಪಾತ್ರೆಗಳನ್ನು ಹಿಂದಿರುಗಿಸಲು ನನಗೆ ಬಹಳ ದಿನ ಹಿಡಿಯಿತು. ಮಧ್ಯಾಹ್ನ ಮಿಸ್ ಕ್ಲೋಟೀಲ್ ಕಪ್ಪು ಉಡುಪು ತೊಟ್ಟು, ಕೈಯಲ್ಲಿ ಗಂಬೋ ಪಾತ್ರೆ ಹಿಡಿದು ಓವೀಡನ ಬಾಗಿಲು ತಟ್ಟಿದಳು.

"ವಿಷಯ ತಿಳೀತು ಓವೀಡ್. ಮನಸ್ಸು ಗಟ್ಟಿ ಮಾಡ್ಕೋ. ಬಹಳ ಕಷ್ಟಪಟ್ಟು ಹೋಯ್ತಾ?"

"ಏನೂ ಹೋಗಿಲ್ಲ."

"ನೋಡಿದ್ರೆ ಹೋದ ಹಾಗೇ ಇದೆಯಲ್ಲಪ್ಪಾ."

ಓವೀಡ್ ಸುತ್ತ ನೋಡಿದ. ಬೀದಿಯಲ್ಲಿ ಜನ ನಿಂತಿದ್ದರು. ಮಾನ ಉಳಿಸಿಕೊಳ್ಳಲು ಬಾಯಿಗೆ ಬಂದ ಸುಳ್ಳೊಂದನ್ನು ಹೇಳಿದ: "ಅದು ಮಲಗಿದೆ ಮಿಸ್ ಕ್ಲೋಟೀಲ್. ಉತ್ತರದ ಗಿಡಗಳು ಚಳಿಗಾಲದಲ್ಲಿ ಮಣ್ಣೊಳಗೆ ಹೋಗಿ ಮಲಗ್ತವೆ. ವಸಂತಕ್ಕೆ ತಾವಾಗೇ ಏಳ್ತವೆ. ನಿಮಗೆ ಇದೆಲ್ಲ ಅರ್ಥ ಆಗಲ್ಲ."

"ಹಾಗಾದ್ರೆ ಎದ್ದ ಮೇಲೆ ಅದಕ್ಕೂ ಸ್ವಲ್ಪ ಗಂಬೋ ಕೊಡು," ಎಂದು ಅವಳು ಪಾತ್ರೆ ಕೈಗಿಟ್ಟು ಹೊರಟುಹೋದಳು. ಗಂಬೋ ಚೆನ್ನಾಗಿತ್ತು. ನಾವಿಬ್ಬರೂ ಕುಳಿತು ತಿಂದೆವು. ತಿನ್ನುತ್ತ ಓವೀಡ್, "ಸತ್ತೇ ಹೋಗಿದೆ ಗುಸ್ತಾವ್," ಎಂದು ಕಣ್ಣೊರೆಸಿಕೊಂಡ. ಗಂಬೋ ಖಾರವಾಗಿತ್ತೆಂದು ಆಮೇಲೆ ಹೇಳಿದ.

ಆ ಭಾನುವಾರ ಎಲ್ಡಾ ಟೆಲಿಫೋನ್ ಮಾಡಿದಳು. ಅವನು ಜೋರಾಗಿಯೇ ಮಾತಾಡುವವನಾದ್ದರಿಂದ ನನ್ನ ವರಾಂಡದವರೆಗೆ ಕೇಳುತ್ತಿತ್ತು.

"ದಾಸವಾಳ? ಹೂಂ, ಇದೆ. ಕೌದಿ? ಕೌದಿ ಒಳ್ಳೇ ಸ್ಥಿತೀಲಿದೆ. ಹೂವಾ? ಬಿಟ್ಟಿದೆ, ಬಿಟ್ಟಿದೆ... ಯಾರು? ಔರೇಲಿ ಬರ್ತಾಳಾ? ಇಲ್ಲಿಗೆ? ಯಾಕೆ?"

ಔರೇಲಿ ಎಲ್ಡಾಳ ಅಕ್ಕ. ತೊರೆಯ ಆಚೆ ದಡದಲ್ಲಿದ್ದಾಳೆ. ಗಿಡದಲ್ಲಿ ಹೂ ಇದೆಯೇ ಇಲ್ಲವೇ ನೋಡಿ ತಿಳಿಸಲು ಎಲ್ಡಾ ಅವಳನ್ನು ನೇಮಿಸಿದ್ದಳು. ಔರೇಲಿಗೆ ಮಂಡಿನೋವು, ಕಾರಿನಿಂದ ಇಳಿಯುವುದಿಲ್ಲ, ರಸ್ತೆಯಿಂದಲೇ ನೋಡುತ್ತಾಳೆ. ಈ ಒಂದು ಸಂಗತಿಯಿಂದಲೇ ಓವೀಡನ ತಲೆಯಲ್ಲಿ ಹೊಸ ಯೋಚನೆ ಹುಟ್ಟಿತು. ಸಮಾಧಿಗಳಿಗೆ ಇಡಲೆಂದು ಎಲ್ಡಾ ಪೆಟ್ಟಿಗೆಯಲ್ಲಿ ಇಟ್ಟಿದ್ದ ಕೆಂಪು ಬಟ್ಟೆಯ ಹೂಗಳನ್ನು ತೆಗೆದು, ತಂತಿಯಿಂದ ಆ ಕಂದು ಕಡ್ಡಿಗಳಿಗೆ ಬಿಗಿದ. ಅವು ಗುಲಾಬಿಗಳಾಗಿದ್ದವು. ರಸ್ತೆಯಿಂದ ಕೆಂಪು ಕಂಡರೆ ಸಾಕು ಎಂಬುದು ಅವನ ಲೆಕ್ಕಾಚಾರ.

ಔರೇಲಿ ಬಂದಳು, ಕಾರಿನ ಗಾಜು ಇಳಿಸಿ ನೋಡಿದಳು, ತಲೆಯಾಡಿಸಿ ಹೋದಳು. ಕೆಲಸ ಮುಗಿಯಿತೆಂದು ಓವೀಡ್ ಒಳಗೆ ಹೋಗಿ ಮಲಗಿದ. ಆದರೆ ರಸ್ತೆಯಲ್ಲಿ ಹೋಗುವವಳು ಔರೇಲಿ ಒಬ್ಬಳೇ ಅಲ್ಲವಲ್ಲ. ಜಪಸರದ ಸಂಘದ ಹೆಂಗಸರು ಅದೇ ಸಮಯಕ್ಕೆ ಇಗರ್ಜಿಯಿಂದ ಮರಳುತ್ತಿದ್ದರು. ಎಲೆಯಿಲ್ಲದ, ಜೀವವಿಲ್ಲದ ಕಡ್ಡಿಯಲ್ಲಿ ಕೆಂಪು ಹೂ! ಸಂತ ಜೋಸೆಫರ ಕೈಯ ಕೋಲು ಹೂ ಬಿಟ್ಟಿತೆಂದು ನಾವೆಲ್ಲ ಕೇಳಿ ಬೆಳೆದವರು. ಮೊದಲು ಮೊಣಕಾಲೂರಿದವಳು ಮಿಸ್ ಕ್ಲೋಟೀಲ್.

"ದೇವರೇ, ನನ್ನ ಕ್ಷಮಿಸು," ಎಂದು ಅತ್ತಳು. "ಪಾಪದವನ ಮನೆಗೆ ನಗ್ತಾ ಗಂಬೋ ತಗೊಂಡು ಹೋಗಿದ್ದೆನಲ್ಲಾ!"

ಓವೀಡ್ ಎದ್ದು ಕಿಟಕಿಯ ಪರದೆ ಸರಿಸಿದಾಗ ಅಂಗಳದಲ್ಲಿ ಹದಿನೈದು ಇಪ್ಪತ್ತು ಜನ ಜಪಸರ ಹಿಡಿದು ಮೊಣಕಾಲೂರಿ, ತನ್ನ ಅಡುಗೆಮನೆಯ ಕಡೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು. ಅವನು ಪರದೆ ಮುಚ್ಚಿ ಹಿಂಬಾಗಿಲಿನಿಂದ ನನ್ನ ಮನೆಗೆ ಓಡಿಬಂದ.

"ಗುಸ್ತಾವ್, ಹೋಗಿ ಅವರಿಗೆ ಹೇಳು."

"ಏನಂತ ಹೇಳ್ಲಿ?"

"ಏನಾದ್ರೂ ಹೇಳು. ನಾನು ಸತ್ತೋದೆ ಅಂತ ಹೇಳು."

"ಆಗ ಇನ್ನೂ ಜಾಸ್ತಿ ಜನ ಬರ್ತಾರೆ."

ಮರುದಿನ ಮೇಣದ ಬತ್ತಿಗಳು ಬಂದವು. ಯಾರೋ ಕಸೂತಿ ಅಂಚಿನ ದುಪ್ಪಟಿಯನ್ನು ಹೂಗಳ ಮೇಲೆ ಮಂಜು ಬೀಳದಂತೆ ಹಂದರದ ಹಾಗೆ ಕಟ್ಟಿದ್ದರು, ಯಾರೆಂದು ಹೇಳಬೇಕಾಗಿಲ್ಲ. ಅದರ ಮರುದಿನ ವಿಚಾರಣೆಗಾಗಿ ಫಾದರ್ ಡ್ಯೂಗಾ ಬಂದರು. ದೇವರ ಹೆಸರಿನಲ್ಲಿ ಅವಸರ ಮಾಡಬಾರದೆಂದು ಅವರು ಜಿಲ್ಲೆಯ ಕೃಷಿ ಅಧಿಕಾರಿಯನ್ನೂ ಕರೆತಂದಿದ್ದರು. ಪ್ರೆಜಾನ್ ಎಂಬ ಆ ತರುಣ ಕಬ್ಬಿನ ವಿಷಯದಲ್ಲಿ ಪಂಡಿತ, ಹೂವಿನ ವಿಷಯದಲ್ಲಿ ಸರಕಾರಿ ನೌಕರ. ಅವನು ಬಗ್ಗಿ, ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದ. ಒಳಗೂ ಕಂದು.

"ಸತ್ತಿದೆ," ಎಂದು ತೀರ್ಪು ಕೊಟ್ಟ. "ನೂರಕ್ಕೆ ನೂರು ಸತ್ತಿದೆ. ಕಬ್ಬಾಗಿದ್ರೆ ಬೆಂಕಿ ಹಾಕ್ತಿದ್ವಿ."

ಜನ ಶಿಲುಬೆಯ ಗುರುತು ಹಾಕಿಕೊಂಡರು. ಸತ್ತದ್ದರಲ್ಲಿ ಹೂ ಎಂದರೆ ಅದ್ಭುತ ಇನ್ನಷ್ಟು ದೊಡ್ಡದಾಯಿತಲ್ಲ! ಫಾದರ್ ಮುಂದೆ ಬಂದು ಒಂದು ಹೂವನ್ನು ಮೆಲ್ಲಗೆ ಮುಟ್ಟಿದರು. ತಂತಿ ಕೈಗೆ ತಗುಲಿತು. ಅವರು ಅದನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಓವೀಡನ ಮುಖ ನೋಡಿದರು. ಆ ಮುಖ ಕಂಡವರಾರೂ ಆ ಹೊತ್ತಿನಲ್ಲಿ ಅವನನ್ನು ಬಯ್ಯಲಾರರು.

"ಇದು ಅದ್ಭುತ ಅಲ್ಲ," ಎಂದರು ಫಾದರ್ ಜನರ ಕಡೆ ತಿರುಗಿ. "ಇದು ಸಂಸಾರದ ವಿಷಯ. ಗಂಡ ಹೆಂಡತಿ ನಡುವಿನದು. ಎಲ್ಲರೂ ಮನೆಗೆ ಹೋಗಿ."

ಜನ ಹೋದರು. ಮಿಸ್ ಕ್ಲೋಟೀಲ್ ತನ್ನ ದುಪ್ಪಟಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, "ನನ್ನ ಮಂಡಿ ಎರಡೂ ಊದಿಕೊಂಡಿವೆ ಓವೀಡ್," ಎಂದಷ್ಟೇ ಹೇಳಿ ಹೋದಳು. ಫಾದರ್ ಹೊರಡುವಾಗ, "ಎಲ್ಡಾ ಬಂದ ಮೇಲೆ ನಿಜ ಹೇಳಿಬಿಡಿ, ಹಗುರಾಗ್ತೀರಿ," ಎಂದರು.

"ಹೇಳ್ತೀನಿ ಫಾದರ್," ಎಂದ ಓವೀಡ್. ಆದರೆ ಅವನಿಗೆ ಬೇರೊಂದು ಯೋಚನೆ ಆಗಲೇ ಬಂದಿತ್ತು. ಕಡ್ಡಿಗಳನ್ನು ನೆಲಮಟ್ಟಕ್ಕೆ ಕತ್ತರಿಸಿದ. ಔರೇಲಿಯ ಕಾರು ಕಂಡಾಗಲೆಲ್ಲ ಕಿಟಕಿಯ ಮುಂದೆ ಏಣಿ ನಿಲ್ಲಿಸಿ ಗೋಡೆಗೆ ಬಣ್ಣ ಹಚ್ಚಿದ. ಮನೆಯ ಆ ಒಂದು ಗೋಡೆಗೆ ಮೂರು ಸಲ ಬಣ್ಣವಾಯಿತು. ವಸಂತದಲ್ಲಿ ನರ್ಸರಿಗೆ ಹೊಸ ಸರಕು ಬಂದ ಕೂಡಲೇ ನಮ್ಮ ಬಿಸಿನಾಡಿನ ಕೆಂಪು ದಾಸವಾಳವನ್ನೇ, ಹಳೆಯದರ ಎತ್ತರ ಅಗಲ ನೋಡಿ ಒಂದನ್ನು ತಂದು, ಅದೇ ಜಾಗದಲ್ಲಿ ನೆಟ್ಟುಬಿಡುವುದು, ಎಲ್ಡಾಳಿಗೆ ಏನೂ ಹೇಳದಿರುವುದು ಅವನ ಹೊಸ ಯೋಜನೆ.

ಸರಕು ಬಂದದ್ದು ಈಸ್ಟರಿನ ಹಿಂದಿನ ಪವಿತ್ರ ವಾರದ ಗುರುವಾರ. ಗಿಡ ತಂದಾಗ ಸಂಜೆಯಾಗಿತ್ತು. ಆ ಸಂಜೆ ಇಗರ್ಜಿಯಲ್ಲಿ ಫಾದರ್ ಯೇಸುವಿನ ಶಿಷ್ಯರಂತೆ ಕೂರಿಸಿ ಕಾಲು ತೊಳೆಯುವ ಹನ್ನೆರಡು ಮಂದಿಯಲ್ಲಿ ಓವೀಡನೂ ಒಬ್ಬ, ತಪ್ಪಿಸಿಕೊಳ್ಳುವಂತಿರಲಿಲ್ಲ. ಎಲ್ಡಾ ಬರುವುದು ಶನಿವಾರ ಬೆಳಗ್ಗೆ. ನೆಡಲು ಉಳಿದದ್ದು ಶುಕ್ರವಾರ ಒಂದೇ, ಶುಭ ಶುಕ್ರವಾರ.

ಆ ದಿನ ನಮ್ಮ ಕಡೆ ಯಾರೂ ನೆಲ ಅಗೆಯುವುದಿಲ್ಲ. ಯೇಸು ಸ್ವಾಮಿ ಶಿಲುಬೆಯ ಮೇಲಿರುವ ದಿನ ಗುದ್ದಲಿ ಹಾಕಿದರೆ ಮಣ್ಣಿನಿಂದ ರಕ್ತ ಬರುತ್ತದೆಂದು ಅಜ್ಜಿಯರು ಹೇಳಿಟ್ಟಿದ್ದಾರೆ. ಇದೆಲ್ಲ ನಂಬುತ್ತೀರಾ ಎಂದು ಹಗಲಿನಲ್ಲಿ ಕೇಳಿದರೆ ನಮ್ಮವರು ನಗುತ್ತಾರೆ. ಆದರೆ ಆ ಶುಕ್ರವಾರ ಊರಿನ ಒಂದು ಗುದ್ದಲಿಯೂ ಶೆಡ್ಡಿನಿಂದ ಹೊರಬರುವುದಿಲ್ಲ.

"ಗುಸ್ತಾವ್, ದೇವರು ಎಲ್ಲಾ ಬಲ್ಲೋನು," ಎಂದ ಅವನು ಬೆಳಗ್ಗೆ ಬೇಲಿಯ ಬಳಿ. "ಹೆಂಡತಿಗೋಸ್ಕರ ಒಂದು ಸಣ್ಣ ಗುಂಡಿ. ಅವನಿಗೆ ಅರ್ಥ ಆಗುತ್ತೆ."

"ಅವನಿಗೆ ಆಗುತ್ತೆ. ಮಿಸ್ ಕ್ಲೋಟೀಲ್‌ಗೆ?"

"ಅವಳು ಶಿಲುಬೆ ಹಾದಿಗೆ ಹೋಗಿರ್ತಾಳೆ. ಎಲ್ಲಾರೂ ಹೋಗಿರ್ತಾರೆ. ಮೆರವಣಿಗೆ ನಮ್ಮ ಮನೆ ಮುಂದೆ ಬರೋದು ಕೊನೇಲಿ, ಸಂಜೆಗೆ."

ಪ್ರತಿ ವರ್ಷ ಹಾಗೆಯೇ ಇತ್ತು. ಮೆರವಣಿಗೆ ಇಗರ್ಜಿಯಿಂದ ಹೊರಟು, ತೊರೆಯ ಗುಂಟ ಓಕ್ ಮರಗಳಿಗೆ ಕಟ್ಟಿದ ಯೇಸುವಿನ ಯಾತನೆಯ ಒಂದೊಂದು ಚಿತ್ರದ ಮುಂದೆಯೂ ನಿಂತು, ದೊಡ್ಡ ಸುತ್ತು ಹಾಕಿ ಬರುತ್ತದೆ. ಈ ಸಲ ಸೇತುವೆ ರಿಪೇರಿಯ ಕಾರಣ ಅದು ನಮ್ಮ ಬೀದಿಯಿಂದಲೇ ಶುರುವಾಗುತ್ತದೆಂದು ಫಾದರ್ ಪ್ರತಿ ಭಾನುವಾರ ಪ್ರಕಟಿಸಿದ್ದರು. ಪ್ರಕಟಣೆಯ ಹೊತ್ತಿಗೆ ಓವೀಡ್ ಕಣ್ಣು ಮುಚ್ಚಿ ಧ್ಯಾನದಲ್ಲಿರುತ್ತಾನೆ. ನಾನು ಹೇಳಲು ಬಾಯಿ ತೆರೆದೆ. ಅವನು ಆಗಲೇ ಗುದ್ದಲಿ ತರಲು ಹೋಗಿದ್ದ. ಕೂಗಿ ಕರೆದರೆ ಮಿಸ್ ಕ್ಲೋಟೀಲ್ ಬಾಗಿಲು ತೆರೆಯುತ್ತಿದ್ದಳು. ಅದಕ್ಕೆ ಸುಮ್ಮನೆ ಜಪಸರ ಹಿಡಿದು ಮೆರವಣಿಗೆ ಸೇರಲು ನಡೆದೆ.

ಮೂರನೆಯ ಚಿತ್ರವಿರುವ ಮರದ ಬಳಿಯಿಂದ ಓವೀಡನ ಮನೆ ಕಾಣುತ್ತದೆ. ಫಾದರ್ ಶಿಲುಬೆ ಹಿಡಿದು ಮುಂದೆ ನಿಂತಿದ್ದರು, ಊರಿಗೆ ಊರೇ ಹಿಂದೆ ಇತ್ತು, ಪ್ರಾರ್ಥನೆ ಮುಗಿದು ಮೌನವಾಗಿತ್ತು. ಆ ಮೌನದೊಳಗೆ ಒಂದು ಶಬ್ದ ಕೇಳಿಸಿತು, ಒದ್ದೆ ಮಣ್ಣಿಗೆ ಗುದ್ದಲಿ ಬೀಳುವ ಶಬ್ದ. ಎಲ್ಲರೂ ತಲೆಯೆತ್ತಿದರು. ಇನ್ನೊಮ್ಮೆ ಕೇಳಿಸಿತು. ಅದರ ಹಿಂದೆಯೇ ಒಂದು ಕೂಗು.

"ರಕ್ತ! ಅಯ್ಯೋ ದೇವರೇ, ರಕ್ತ!"

ಕಿಟಕಿಯ ಕೆಳಗಿನಿಂದ ಓವೀಡ್ ಎದ್ದು ರಸ್ತೆಗೆ ಓಡಿಬಂದ. ಮೊಣಕಾಲು ಕೈ ಎಲ್ಲ ಕೆಸರು, ಎಂದೂ ಬಿಡದ ಕನ್ನಡಕ ಕಣ್ಣಿಗಿಲ್ಲ. ಮೆರವಣಿಗೆಯನ್ನು ಕಂಡು ನಿಂತ. ಹಿಂದಕ್ಕೆ ಹೋಗಲೂ ಆಗದೆ ಮುಂದಕ್ಕೆ ಬರಲೂ ಆಗದೆ, ಶಿಲುಬೆಯ ಮುಂದೆ ಅಲ್ಲಿಯೇ ಮೊಣಕಾಲೂರಿದ.

"ಫಾದರ್, ಮಣ್ಣು ರಕ್ತ ಕಕ್ತಾ ಇದೆ. ನಾನು ಅಗೆದೆ. ಇವತ್ತು ಅಗೆದೆ."

ಅದೇ ಹೊತ್ತಿಗೆ, ಮೆರವಣಿಗೆಯ ಹಿಂದೆ ಸಿಕ್ಕಿಕೊಂಡು ತೆವಳುತ್ತಿದ್ದ ಔರೇಲಿಯ ಕಾರಿನ ಬಾಗಿಲು ತೆರೆಯಿತು. ಎಲ್ಡಾ ಇಳಿದಳು. ಶುಭ ಶುಕ್ರವಾರ ಸ್ವಂತ ಊರಿನ ಇಗರ್ಜಿ ತಪ್ಪಿಸಬಾರದೆಂದು ಒಂದು ದಿನ ಮುಂಚೆಯೇ ಬಂದಿದ್ದಳು.

ಜನ ದಾರಿ ಬಿಟ್ಟರು. ಅವಳು ಗಂಡನನ್ನು ನೋಡಿದಳು, ಆಮೇಲೆ ಕಿಟಕಿಯ ಕೆಳಗಿನ ಗುಂಡಿಯನ್ನು, ಪಕ್ಕದಲ್ಲಿ ಕುಂಡದಲ್ಲಿದ್ದ ಹೊಸ ಗಿಡವನ್ನು, ಮೂರು ಸಲ ಬಣ್ಣ ಕಂಡ ಗೋಡೆಯನ್ನು.

"ಓವೀಡ್," ಎಂದಳು, "ಅಮ್ಮನ ದಾಸವಾಳ ಎಲ್ಲಿ?"

ಊರೆಲ್ಲ ನಿಂತು ಕೇಳುತ್ತಿತ್ತು. ಓವೀಡ್ ನೆಲ ನೋಡಿಕೊಂಡೇ ಹೇಳಿದ: "ನಾನೇ ಕೊಂದೆ ಎಲ್ಡಾ. ಬೇಕಂತ ಅಲ್ಲ. ನೀನು ಮತ್ತೆ ಕೌದಿ ತಗೊಂಡು ಹೋಗಿ ಜಾರಿ ಬೀಳ್ತೀಯ ಅಂತ ಭಯ. ಚಳಿಗೆ ಬಗ್ಗದ್ದು ತಂದೆ, ಅದೂ ಸತ್ತೋಯ್ತು. ನಿಮ್ಮಮ್ಮಂದನ್ನ ಶೆಡ್ಡಿನ ಹಿಂದೆ ಮಣ್ಣು ಮಾಡಿದೀನಿ. ಒಂದು ಶಿಲುಬೆ ನೆಟ್ಟು, 'ಪರಲೋಕದಲ್ಲಿರುವ' ಪ್ರಾರ್ಥನೆ ಹೇಳಿದೀನಿ. ದಿನಾ ಹೇಳ್ತಿದೀನಿ."

ಎಲ್ಡಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಂದು ಔರೇಲಿ ಕಾರಿನಿಂದ ಇಳಿದು ಬಂದಳು, ಮಂಡಿನೋವು ಮರೆತು. ಎಲ್ಡಾ ಅಳಲಿಲ್ಲ.

"ಅಮ್ಮ ಕೊಟ್ಟದ್ದು ನಮ್ಮ ಮದುವೆಯಾದ ಮೊದಲನೇ ಚಳಿಗೇ ಹೋಯ್ತು," ಎಂದಳು ಮೆಲ್ಲಗೆ. "ನೀನು ದೋಣಿ ಮೇಲಿದ್ದೆ. ಪೇಟೆಯಿಂದ ಅಂಥದ್ದೇ ಒಂದು ತಂದು ನೆಟ್ಟೆ."

"ಆಮೇಲೆ?"

"ಆಮೇಲೆ ಅದೂ ಹೋಯ್ತು. ಇನ್ನೊಂದು ತಂದೆ. ನೀನು ಸಮುದ್ರದಿಂದ ಬಂದಾಗಲೆಲ್ಲ ಅದನ್ನ ನೋಡಿ, 'ನಿಮ್ಮಮ್ಮ ಗಟ್ಟಿಗಿತ್ತಿ, ಈ ಸಲಾನೂ ಬಗ್ಗಿಲ್ಲ' ಅಂತಿದ್ದೆ. ಅಮ್ಮ ಹೋದ ಮೇಲೂ ಅಂತಿದ್ದೆ. ಅದನ್ನ ಕೇಳೋಕೆ ಆಸೆ. ಹ್ಯಾಗೆ ಹೇಳ್ಲಿ?"

"ಎಲ್ಡಾ!" ಎಂದು ಔರೇಲಿ ಚೀರಿದಳು. "ಆ ಗಿಡದ ಹೂ ಕಿತ್ತು ಪ್ರತಿ ವರ್ಷ ಅಮ್ಮನ ಸಮಾಧಿ ಮೇಲಿಟ್ಟು ಅಳ್ತಿದ್ನಲ್ಲೇ ನಾನು!"

"ಅತ್ತದ್ದು ಅಮ್ಮನಿಗೆ ತಾನೆ ಅಕ್ಕಾ? ಹೂವು ಅಂಗಡೀದಾದ್ರೇನು?"

ಓವೀಡ್ ಇನ್ನೂ ಮೊಣಕಾಲಿನ ಮೇಲೆಯೇ ಇದ್ದ. "ಹಾಗಾದ್ರೆ ನಾನು ಯಾರನ್ನ ಮಣ್ಣು ಮಾಡಿದ್ದು?" ಎಂದು ಕೇಳಿದ.

ಫಾದರ್ ಡ್ಯೂಗಾ ಶಿಲುಬೆಯ ಹಿಂದೆ ಮುಖ ಮರೆಸಿಕೊಂಡಿದ್ದರು. ಅವರ ಭುಜಗಳು ಅಲುಗುತ್ತಿದ್ದವು.

ರಕ್ತ ನೋಡಲು ಮೊದಲು ಗುಂಡಿಯ ಬಳಿ ಹೋದವಳು ಮಿಸ್ ಕ್ಲೋಟೀಲ್. ಬಗ್ಗಿ ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು, ಮತ್ತೂ ಬಗ್ಗಿದಳು. "ರಕ್ತಾನೂ ಇಲ್ಲ, ಮಣ್ಣೂ ಇಲ್ಲ. ಚಿಗುರು!" ಎಂದಳು. ನಿಜವೇ. ಕತ್ತರಿಸಿದ ಬೊಡ್ಡೆಯ ಸುತ್ತ ಕಡುಗೆಂಪು ಮೊಳಕೆಗಳು ಮಣ್ಣಿನಡಿಯಿಂದ ಬೆರಳಿನಂತೆ ದಪ್ಪವಾಗಿ ಮೇಲೇಳುತ್ತಿದ್ದವು. ಒಂದು ಗುದ್ದಲಿಗೆ ಸಿಕ್ಕಿ ಸೀಳಿ, ರಸ ಒಸರುತ್ತಿತ್ತು. "ನೀನೇ ಹೇಳಿದ್ಯಲ್ಲ ಓವೀಡ್, ಮಲಗಿದೆ, ವಸಂತಕ್ಕೆ ಏಳುತ್ತೆ ಅಂತ!"

"ನಾನು ಸುಳ್ಳು ಹೇಳಿದ್ದೆ!" ಎಂದ ಓವೀಡ್.

ಎಲ್ಡಾ ನಿಧಾನವಾಗಿ ನಡೆದು ಹೋಗಿ, ಗೋಡೆ ಹಿಡಿದು ಮಣ್ಣಿಗೆ ಕುಳಿತಳು. ಆ ಕೆಂಪು ಮೊಳಕೆಗಳ ಬುಡಕ್ಕೆ ಬರಿಗೈಯಿಂದ ಮಣ್ಣು ಸರಿಸತೊಡಗಿದಳು. ಓವೀಡ್ ಪಕ್ಕದಲ್ಲಿ ಕುಳಿತ. ಇದು ಅಗೆದ ಹಾಗಾಯಿತೇ ಎಂದು ಮಿಸ್ ಕ್ಲೋಟೀಲ್ ಫಾದರ್ ಅವರನ್ನು ಕೇಳಿದಳು. ಮುಚ್ಚುವುದಕ್ಕೆ ಯಾವ ಅಡ್ಡಿಯೂ ಇಲ್ಲವೆಂದು ಅವರು ಹೇಳಿದರು.

ಮೆರವಣಿಗೆ ಮುಂದೆ ಹೊರಟಿತು. ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಎದ್ದು ಬಂದು, ಕೈ ತೊಳೆಯದೆಯೇ, ಎಲ್ಲರ ಹಿಂದೆ ಸೇರಿಕೊಂಡರು. ಎಲ್ಡಾ ಅವನ ತೋಳು ಹಿಡಿದಿದ್ದಳು. ಅವಳ ಸೊಂಟದ ನೋವಿಗೆ ತಕ್ಕ ಹಾಗೆ ಅವನು ಹೆಜ್ಜೆ ಸಣ್ಣದು ಮಾಡಿಕೊಂಡಿದ್ದ. ನಡುವೆ ಒಮ್ಮೆ ಅವಳು ಏನೋ ಕೇಳಿದಳು. ಅವನು ಎರಡು ಕೈಗಳನ್ನೂ ಅಗಲಿಸಿ, ನರ್ಸರಿಯಲ್ಲಿ ಕಂಡ ಆ ಹೂ ಎಷ್ಟು ದೊಡ್ಡದೆಂದು ತೋರಿಸಿದ.

ನಾನು ಅವರ ಹಿಂದೆ ಬರುತ್ತಿದ್ದೆ. ಒಬ್ಬನೇ ನಡೆಯುವುದರಿಂದ ನನ್ನ ನಡಿಗೆ ಈಗ ಬೇಗ ಸಾಗುತ್ತದೆ. ಆದರೂ ಕೊನೆಯ ಮರದವರೆಗೆ ಅವರನ್ನು ದಾಟಿ ಹೋಗಲಿಲ್ಲ.